ಮುಂದಿನ ಬಿಸಿಗಾಳಿಗಳ ಸಾವಿನ ಅಂದಾಜನ್ನು ಓದುವ ಬಗೆ

ಈ ಶತಮಾನದ ಅಂತ್ಯದ ಹೊತ್ತಿಗೆ ಬಿಸಿಗಾಳಿಯಿಂದ ಇಷ್ಟು ಸಾವಿರ ಜನ ಸಾಯಬಹುದು ಎಂಬ ಅಂದಾಜು ಪ್ರಕಟವಾದಾಗಲೆಲ್ಲ, ತಾಪಮಾನ ಎಷ್ಟು ಡಿಗ್ರಿ ಏರಲಿದೆ ಎಂಬುದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಸಾರ್ವಜನಿಕ ಆರೋಗ್ಯದ ಲೆಕ್ಕಾಚಾರದಲ್ಲಿ ತೊಡಗಿರುವ ನಾನು ಮೊದಲು ನೋಡುವುದು, ಆ ಅಂದಾಜಿನೊಳಗೆ ಮನುಷ್ಯರ ಬಗ್ಗೆ ಯಾವ ಊಹೆಗಳಿವೆ ಎಂಬುದನ್ನು.

ಲೆಕ್ಕದ ವಿಧಾನ ಹೀಗಿದೆ. ಒಂದು ನಗರದ ಹಲವು ವರ್ಷಗಳ ದೈನಂದಿನ ಸಾವುಗಳನ್ನು ಆಯಾ ದಿನದ ಮತ್ತು ಅದರ ಹಿಂದಿನ ಕೆಲವು ದಿನಗಳ ತಾಪಮಾನದೊಂದಿಗೆ ಹೋಲಿಸಿದರೆ, ಸಾವು ಅತಿ ಕಡಿಮೆಯಿರುವ ಒಂದು ತಾಪಮಾನ ಕಾಣಸಿಗುತ್ತದೆ. ಅದನ್ನು ದಾಟಿ ಮೇಲೆ ಹೋದಂತೆ ಸಾವಿನ ರೇಖೆ ಏರುತ್ತದೆ. ಬಿಸಿ ಪ್ರದೇಶಗಳಲ್ಲಿ ಈ ಕನಿಷ್ಠ ಬಿಂದು ಸಾಮಾನ್ಯವಾಗಿ ಹೆಚ್ಚಿನ ತಾಪಮಾನದಲ್ಲಿರುವುದರಿಂದ ಒಂದು ಊರಿನ ರೇಖೆಯನ್ನು ಇನ್ನೊಂದಕ್ಕೆ ಹೊಂದಿಸಲಾಗದು. ಹವಾಮಾನ ಮಾದರಿಗಳು ಕೊಡುವ ಭವಿಷ್ಯದ ತಾಪಮಾನವನ್ನು ಈ ರೇಖೆಗೂ ಮುಂದಿನ ಜನಸಂಖ್ಯೆಗೂ ಅನ್ವಯಿಸಿದಾಗ ಅಂದಾಜು ಹೊರಬರುತ್ತದೆ.

ತಾಪಮಾನದ ಭಾಗ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2021ರ ವರದಿಯಂತೆ, 1850–1900ರ ಹವಾಮಾನದಲ್ಲಿ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ತೀವ್ರ ಬಿಸಿಲು, ಜಗತ್ತು 1.5 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಅದೇ ಅವಧಿಯಲ್ಲಿ ಸುಮಾರು 4.1 ಬಾರಿಯೂ 2 ಡಿಗ್ರಿ ಬಿಸಿಯಾದಾಗ 5.6 ಬಾರಿಯೂ ಬರುತ್ತದೆ.

ತೊಡಕು ಇರುವುದು ರೇಖೆಯ ಬಲತುದಿಯಲ್ಲಿ, ಅಂದರೆ ಅತಿ ಬಿಸಿ ದಿನಗಳ ಕಡೆ. ಮುಂದೆ ಬರಲಿರುವ ಕೆಲವು ದಿನಗಳು ಆ ಊರಿನ ದಾಖಲೆಯಲ್ಲೇ ಇಲ್ಲದಷ್ಟು ಬಿಸಿಯಾಗಿರುತ್ತವೆ. ಅಷ್ಟು ಬಿಸಿಯ ದಿನಗಳಿಗೆ ನಾವು ರೇಖೆಯನ್ನು ಊಹೆಯಿಂದಲೇ ಮುಂದಕ್ಕೆ ಎಳೆಯುತ್ತೇವೆ. ದೇಹ ಹಾಗೆ ಸರಳವಾಗಿ ವರ್ತಿಸುವುದಿಲ್ಲ. ಗಾಳಿಯಲ್ಲಿ ತೇವಾಂಶ ಹೆಚ್ಚಿದರೆ ಬೆವರು ಆರುವುದಿಲ್ಲ, ರಾತ್ರಿಯೂ ತಂಪಾಗದಿದ್ದರೆ ಹೃದಯಕ್ಕೆ ವಿಶ್ರಾಂತಿ ಸಿಗುವುದಿಲ್ಲ. ತೇವ ಮತ್ತು ಬಿಸಿ ಎರಡನ್ನೂ ಸೇರಿಸಿ ಅಳೆಯುವ ಆರ್ದ್ರ ಬಲ್ಬ್ ತಾಪಮಾನದಲ್ಲಿ 35 ಡಿಗ್ರಿ ಮನುಷ್ಯನ ಸಹನೆಯ ಮಿತಿ ಎಂದು ಸೈದ್ಧಾಂತಿಕವಾಗಿ ಹೇಳಲಾಗಿತ್ತು. ಆರೋಗ್ಯವಂತ ಯುವಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೇವಭರಿತ ವಾತಾವರಣದಲ್ಲಿ ಸುಮಾರು 31 ಡಿಗ್ರಿಗೇ ದೇಹದ ಒಳತಾಪ ನಿಯಂತ್ರಣ ತಪ್ಪಿ ಏರತೊಡಗಿತು. ವೃದ್ಧರಿಗೆ ಆ ಮಿತಿ ಇನ್ನೂ ಕೆಳಗೆ ಎಂದು ಭಾವಿಸುವುದೇ ಸುರಕ್ಷಿತ. ದಿನದ ಗರಿಷ್ಠ ತಾಪಮಾನವೊಂದನ್ನೇ ಬಳಸಿದ ಅಂದಾಜುಗಳನ್ನು ನಾನು ಪೂರ್ಣವಾಗಿ ನಂಬದಿರುವುದು ಈ ಕಾರಣಕ್ಕೆ.

ಇನ್ನೊಂದು ದೊಡ್ಡ ಊಹೆ, ಜನ ಬಿಸಿಗೆ ಹೊಂದಿಕೊಳ್ಳುವ ಬಗ್ಗೆ. ಫ್ರಾನ್ಸ್‌ನಲ್ಲಿ 2003ರ ಆಗಸ್ಟ್‌ನ ಬಿಸಿಗಾಳಿ ಸುಮಾರು 15,000 ಹೆಚ್ಚುವರಿ ಸಾವುಗಳಿಗೆ ಕಾರಣವಾಯಿತು. ಮರುವರ್ಷ ಅಲ್ಲಿ ಮುನ್ನೆಚ್ಚರಿಕೆ ವ್ಯವಸ್ಥೆ ಜಾರಿಗೆ ಬಂತು. 2006ರ ಜುಲೈಯಲ್ಲಿ ಮತ್ತೆ ಬಿಸಿಗಾಳಿ ಬಂದಾಗ, ಹಿಂದಿನ ವರ್ಷಗಳ ರೇಖೆಯ ಪ್ರಕಾರ ಸುಮಾರು 6,400 ಹೆಚ್ಚುವರಿ ಸಾವು ಸಂಭವಿಸಬೇಕಿತ್ತು. ಸಂಭವಿಸಿದ್ದು ಸುಮಾರು 2,000. ಮಿಕ್ಕವರು ಬದುಕುಳಿದದ್ದರಲ್ಲಿ ಎಚ್ಚರಿಕೆಯ ಪಾಲೆಷ್ಟು, ಜನರ ಅರಿವಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ಆದರೆ ಇಂದಿನ ರೇಖೆಯನ್ನೇ 2080ರವರೆಗೂ ಸ್ಥಿರವಾಗಿಡುವ ಲೆಕ್ಕ ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಇಷ್ಟೇ ಸಾಕು. ಹಾಗೆಂದು ಜನ ಹೇಗೋ ಹೊಂದಿಕೊಳ್ಳುತ್ತಾರೆ ಎಂದು ಊಹಿಸುವುದು ಅದಕ್ಕಿಂತ ಅಪಾಯಕಾರಿ: ಬಿಸಿಲಲ್ಲಿ ದುಡಿಯುವವರಿಗೆ, ಒಂಟಿಯಾಗಿರುವ ವೃದ್ಧರಿಗೆ ಆ ಹೊಂದಾಣಿಕೆಯನ್ನು ಯಾರಾದರೂ ಒದಗಿಸಬೇಕಾಗುತ್ತದೆ, ಮತ್ತು ಹವಾನಿಯಂತ್ರಕದ ರಕ್ಷಣೆ ವಿದ್ಯುತ್ ಇರುವವರೆಗೆ ಮಾತ್ರ. ಜನಸಂಖ್ಯೆಗೆ ವಯಸ್ಸಾಗುತ್ತಿರುವುದರಿಂದ ತಾಪಮಾನ ಏರದಿದ್ದರೂ ಅಪಾಯಕ್ಕೊಳಗಾಗುವವರ ಸಂಖ್ಯೆ ಏರುತ್ತದೆ.

ಆದ್ದರಿಂದ ನನ್ನ ಬಳಿ ಬರುವ ಯೋಜಕರಿಗೆ ಒಂದೇ ಸಂಖ್ಯೆಯನ್ನು ಕೊಡುವುದಿಲ್ಲ. ಹೊಂದಾಣಿಕೆ ಇಲ್ಲದಿದ್ದರೆ ಎಷ್ಟು, ಭಾಗಶಃ ಇದ್ದರೆ ಎಷ್ಟು ಎಂಬ ಎರಡು ವ್ಯಾಪ್ತಿಗಳನ್ನು ಪಕ್ಕಪಕ್ಕದಲ್ಲಿ ಇಡುತ್ತೇನೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹಸಿರುಮನೆ ಅನಿಲಗಳ ಹೊರಸೂಸುವಿಕೆಯ ಬೇರೆ ಬೇರೆ ಹಾದಿಗಳ ನಡುವೆ ತಾಪಮಾನದ ಅಂತರ ಚಿಕ್ಕದು. ಆಸ್ಪತ್ರೆಯ ಹಾಸಿಗೆ, ಕೆಲಸದ ವೇಳೆ, ವಿದ್ಯುತ್ ಪೂರೈಕೆಯ ತೀರ್ಮಾನಗಳಿಗೆ ಆ ಅವಧಿಯ ಅಂದಾಜು ಈಗಲೇ ಸಾಲುತ್ತದೆ.