ಹಳೆ ಸೀರೆಯ ಕೌದಿಗೆ ಬೆಲೆ ಕಟ್ಟುವ ಲೆಕ್ಕ

ದಾವಣಗೆರೆಯ ಸುತ್ತಮುತ್ತಲಿನ ಸ್ವಸಹಾಯ ಸಂಘಗಳಿಗೆ ಲೆಕ್ಕಪತ್ರ ಬರೆಯುವುದನ್ನು ಹೇಳಿಕೊಡುವ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು, "ಹಳೇ ಸೀರೆ ಅಲ್ವೇನ್ರೀ, ಅದಕ್ಕೇನು ಖರ್ಚು?" ಎಂಬುದು. ಕೊಳ್ಳುವವರು ಹೀಗೆಂದರೆ ಚೌಕಾಸಿ ಎಂದು ಬಿಟ್ಟುಬಿಡಬಹುದು; ಹೊಲಿದವರೇ ಹೀಗೆಂದಾಗ ಮಾತ್ರ ಕುಳಿತು ಲೆಕ್ಕ ಹಾಕಲೇಬೇಕಾಗುತ್ತದೆ. ಪಾತ್ರೆಯ ಬುಟ್ಟಿ ಹೊತ್ತು ಬಂದವರೊಡನೆ ಒಂದು ಸ್ಟೀಲ್ ಡಬರಿಗೆ ನಾಲ್ಕು ಸೀರೆಯೋ ಐದು ಸೀರೆಯೋ ಎಂದು ಅರ್ಧ ಗಂಟೆ ವಾದಿಸುವ ಮನೆಯಲ್ಲೇ ಅದೇ ಸೀರೆ ಕೌದಿಗೆ, ಅಂದರೆ ಹಳೆ ಬಟ್ಟೆಯ ಪದರಗಳನ್ನು ಕೂಡಿಸಿ ಕೈಯಲ್ಲಿ ಹೊಲಿಯುವ ಹೊದಿಕೆಗೆ, ಹೋದಾಗ ಪುಕ್ಕಟೆಯಾಗಿಬಿಡುತ್ತದೆ. ಆ ಡಬರಿಯ ಬೆಲೆಯನ್ನು ಸೀರೆಗಳಿಗೆ ಹಂಚಿದರೆ ಬರುವುದೇ ಬಟ್ಟೆಯ ಅಸಲು. ಉದಾಹರಣೆಗೆ ಸೀರೆಯೊಂದಕ್ಕೆ 60 ರೂಪಾಯಿ ಎಂದಿಟ್ಟುಕೊಳ್ಳೋಣ; ನಾಲ್ಕು ಸೀರೆ ಬೇಕಾದರೆ 240 ರೂಪಾಯಿ.

ಹಳೆ ಸೀರೆಯೆಲ್ಲವೂ ಕೆಲಸಕ್ಕೆ ಬರುವುದಿಲ್ಲ. ಸೆರಗು, ಅಂಚು ಗಟ್ಟಿಯಾಗಿರುತ್ತವೆ. ಕೂತು ಎದ್ದು ಸವೆದ ಭಾಗವನ್ನು ಬೆಳಕಿಗೆ ಹಿಡಿದರೆ ಜಾಳುಜಾಳಾಗಿ ಕಾಣುತ್ತದೆ. ಅದನ್ನು ಆರಿಸಿ ತೆಗೆಯುವುದು, ಬಣ್ಣ ಬಿಡುತ್ತದೆಯೇ ಎಂದು ನೆನೆಸಿ ನೋಡುವುದು, ಒಗೆದು ಇಸ್ತ್ರಿ ಮಾಡಿ ಕತ್ತರಿಸುವುದು, ಇವೆಲ್ಲಕ್ಕೂ ಸೇರಿ ಒಂದು ಕೌದಿಗೆ ಐದು ಗಂಟೆಯಾದರೂ ಹಿಡಿಯುತ್ತದೆ. ಹೊಸ ಬಟ್ಟೆಯನ್ನು ತಂದು ಹೊಲಿಯುವವರಿಗೆ ಈ ಕೆಲಸದ ಬಹುಪಾಲು ಇರುವುದೇ ಇಲ್ಲ.

ಇನ್ನು ಹೊಲಿಗೆ. ಕೌದಿಯ ಬೆಲೆಯನ್ನು ನಿರ್ಧರಿಸುವುದು ಅದರ ತೂಕವೂ ಅಲ್ಲ, ಬಣ್ಣವೂ ಅಲ್ಲ. ಒಂದು ಹೊಲಿಗೆಯ ಸಾಲಿಗೂ ಇನ್ನೊಂದಕ್ಕೂ ನಡುವೆ ಇರುವ ಅಂತರ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯಲ್ಲಿ ಇಂಚಿಗೊಂದು ಸಾಲು ಹಾಕಿದರೆ 60 ಸಾಲು, ಅಂದರೆ 420 ಅಡಿ ಹೊಲಿಗೆ. ಅರ್ಧ ಇಂಚಿಗೊಂದು ಸಾಲಾದರೆ ಅದು 840 ಅಡಿಯಾಗುತ್ತದೆ. ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬಂದರೂ ಈ ಉದ್ದ ಹೆಚ್ಚುಕಡಿಮೆ ಇಷ್ಟೇ. ಗಂಟೆಗೆ 15 ಅಡಿ ಹೊಲಿಯುವ ಕೈಗೆ ಮೊದಲನೆಯದು 28 ಗಂಟೆಯ ಕೆಲಸ, ಎರಡನೆಯದು 56 ಗಂಟೆಯ ಕೆಲಸ. ಎರಡೂ ಒಂದೇ ಅಳತೆಯ ಕೌದಿಗಳೆಂದು ಒಂದೇ ಬೆಲೆಯ ಚೀಟಿ ಅಂಟಿಸುವುದನ್ನು ನಾನು ಅನೇಕ ಸಂಘಗಳಲ್ಲಿ ಕಂಡಿದ್ದೇನೆ. ಒತ್ತಾಗಿ ಹೊಲಿಯುವ ಹಿರಿಯ ಹೆಂಗಸರೇ ಇದರಿಂದ ಹೆಚ್ಚು ಕಳೆದುಕೊಳ್ಳುವವರು. ನಿಮ್ಮ ವೇಗ ತಿಳಿಯಬೇಕಾದರೆ ಗಡಿಯಾರ ಮುಂದಿಟ್ಟುಕೊಂಡು ಒಂದು ಗಂಟೆ ಹೊಲಿದು, ಟೇಪಿನಿಂದ ಅಳೆದರೆ ಸಾಕು.

ಎಂಟು ಗಂಟೆಯ ದಿನಗೂಲಿ 480 ರೂಪಾಯಿ ಎಂದು ಹಿಡಿದರೆ ಗಂಟೆಗೆ 60 ರೂಪಾಯಿ. ಇಂಚಿಗೊಂದು ಸಾಲಿನ ಕೌದಿಗೆ ತಯಾರಿಯೂ ಸೇರಿ 33 ಗಂಟೆಗೆ 1,980 ರೂಪಾಯಿ ಕೂಲಿ, ಬಟ್ಟೆಗೆ 240, ದಾರ ಸೂಜಿ ಸೋಪಿಗೆ 150, ಒಟ್ಟು 2,370. ಬಸ್ ಚಾರ್ಜು, ಮಾರಾಟವಾಗದೆ ಉಳಿಯುವ ಸರಕು, ಸಂಘದ ಕೋಣೆಯ ಬಾಡಿಗೆ ಇವುಗಳಿಗೆಂದು ಶೇ. 10 ಸೇರಿಸಿದರೆ 2,607 ರೂಪಾಯಿ. ಇದಕ್ಕಿಂತ ಕಡಿಮೆಗೆ ಮಾರಿದರೆ ಆ ವ್ಯತ್ಯಾಸವನ್ನು ಹೊಲಿದವರು ತಮ್ಮ ಕೂಲಿಯಿಂದಲೇ ಕೊಟ್ಟಂತೆ.

ಬೆಂಗಳೂರಿನ ಅಂಗಡಿಯವರು ಮಾರಾಟ ಬೆಲೆಯ ಶೇ. 30 ತಮಗೆ ಬೇಕೆಂದಾಗ ನಡೆಯುವ ತಪ್ಪೊಂದಿದೆ. ನಮ್ಮವರು 2,607ಕ್ಕೆ ಶೇ. 30 ಕೂಡಿಸಿ 3,389 ಎಂದು ಬರೆಯುತ್ತಾರೆ. ಅಂಗಡಿಯವರು 3,389ರಲ್ಲಿ ಶೇ. 30 ಹಿಡಿದುಕೊಂಡರೆ ಕೈಗೆ ಬರುವುದು ಸುಮಾರು 2,372 ಮಾತ್ರ. ಬಸ್ಸು ಬಾಡಿಗೆಗೆಂದು ಇಟ್ಟ ಹಣವೆಲ್ಲ ಅಲ್ಲಿಗೇ ಹೋಯಿತು. 2,607ನ್ನು 0.7ರಿಂದ ಭಾಗಿಸಬೇಕು. ಆಗ ಬರುವ 3,724 ರೂಪಾಯಿಯೇ ಸರಿಯಾದ ಚೀಟಿ.

ಅಷ್ಟು ಬೆಲೆಗೆ ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ದಾವಣಗೆರೆಯ ಮಂಡಿಪೇಟೆಯಲ್ಲಿ ಯಂತ್ರದಲ್ಲಿ ಮಾಡಿದ ರಗ್ಗು ಕೊಳ್ಳಲು ಹೊರಟವರು ಖಂಡಿತ ಕೊಳ್ಳುವುದಿಲ್ಲ. ಅವರಿಗೆಂದು ಬೆಲೆ ಇಳಿಸುವುದರಲ್ಲಿಯೂ ಅರ್ಥವಿಲ್ಲ. ಉಳಿದ ಚೂರುಗಳಿಂದ ಕಾಲೊರಸು ಹೆಣೆಯುವುದನ್ನಂತೂ ನಾನು ಪ್ರೋತ್ಸಾಹಿಸುವುದಿಲ್ಲ, ಏಕೆಂದರೆ ಅಲ್ಲಿ ಪೈಪೋಟಿ ಪೂರ್ತಿ ಯಂತ್ರದೊಡನೆ. ಅದೇ ಚೂರಿನಿಂದ ಸಣ್ಣ ಕೈಚೀಲ ಹೊಲಿದರೆ ಗಂಟೆಯ ಕೂಲಿ ಗಿಟ್ಟುತ್ತದೆ.

ಮೊಳಕಾಲ್ಮೂರಿನ ಹಳೆಯ ರೇಷ್ಮೆ ಸೀರೆ ಸಿಕ್ಕರೆ ಕತ್ತರಿ ಹಾಕುವ ಮುನ್ನ ಜರಿಯನ್ನು ಪರೀಕ್ಷೆ ಮಾಡಿಸಬೇಕು. ಬೆಳ್ಳಿಯ ಜರಿಯಾದರೆ ಹಳೆ ಜರಿ ಕೊಳ್ಳುವವರು ಕೊಡುವ ಹಣವೇ ಆ ಬಟ್ಟೆಯ ಅಸಲಾಗುತ್ತದೆ, ಮತ್ತು ಆ ಅಸಲು ಸೇರಿದ ಚೀಲ ಮಾರಾಟವಾಗುವುದು ಕಷ್ಟ. ಮಡಿಕೆಯಲ್ಲಿ ಬಿರಿದ ರೇಷ್ಮೆಯನ್ನು ಹತ್ತಿಯೊಡನೆ ಕೂಡಿಸಿ ಹೊಲಿದರೆ ಒಗೆತಕ್ಕೆ ತಡೆಯುವುದಿಲ್ಲವೆಂಬುದನ್ನೂ ನೆನಪಿಡಬೇಕು.

ತಾಯಿಯ ಸೀರೆಗಳನ್ನು ತಂದು ಕೌದಿ ಹೊಲಿದುಕೊಡಿ ಎನ್ನುವವರ ಲೆಕ್ಕ ಬೇರೆ. ಅಲ್ಲಿ ಬಟ್ಟೆ ನಮ್ಮದಲ್ಲ, ಮಾರುವುದು ಕೂಲಿಯನ್ನು ಮಾತ್ರ. ಆದರೂ ಹರಿದರೆ ಬದಲಿ ತರಲಾಗದ ಬಟ್ಟೆಯಾದ್ದರಿಂದ ನಿಧಾನವಾಗಿ ನಡೆಯುವ ಕೆಲಸವದು, ಗಂಟೆಗಳು ಹೆಚ್ಚೇ ಬೀಳುತ್ತವೆ. ಸೀರೆಗಳ ಪಟ್ಟಿ ಬರೆದು, ಫೋಟೋ ತೆಗೆದು, ಅರ್ಧ ಹಣ ಮುಂಗಡ ಪಡೆದ ಮೇಲೆಯೇ ಕತ್ತರಿಸಬೇಕು. ಮಿಕ್ಕ ಚೂರುಗಳನ್ನು ಗಂಟು ಕಟ್ಟಿ ಅವರಿಗೇ ಹಿಂದಿರುಗಿಸಬೇಕು. ಇದಕ್ಕೆಲ್ಲ ಹಿಡಿಯುವ ಅರ್ಧ ಗಂಟೆಯನ್ನೂ ಕೂಲಿಯಲ್ಲಿ ಬರೆದುಕೊಳ್ಳಿ.