ಅಲಗೇರಿ ಏರ್‌ಪೋರ್ಟ್: ರನ್‌ವೇ ನೌಕಾಪಡೇದು, ಟರ್ಮಿನಲ್ ನಮ್ಮದು, ಜಮೀನು ಯಾರದು?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಹತ್ರ, ಅಲಗೇರಿಯಲ್ಲಿ ಆಗ್ಬೇಕಾದ ಏರ್‌ಪೋರ್ಟ್ ಸುದ್ದಿ ಬಂದಾಗೆಲ್ಲ ಎರಡು ತರದ ಮಾತು ಕೇಳ್ತದೆ. ಒಂದು, "ಇನ್ನೇನು, ಬೆಂಗ್ಳೂರಲ್ಲಿ ತಿಂಡಿ ತಿಂದು ಗೋಕರ್ಣದಲ್ಲಿ ಊಟ." ಇನ್ನೊಂದು, "ಇದನ್ನ ಎಷ್ಟು ಎಲೆಕ್ಷನ್ನಿಂದ ಕೇಳ್ತಾ ಇದ್ದೇವೆ ಮಾರಾಯ." ಎರಡೂ ಸುಳ್ಳಲ್ಲ. ಆದ್ರೆ ಅಲಗೇರಿಯಲ್ಲಿ ಆಗೋದು ಮೂಲದಲ್ಲಿ ಟೂರಿಸ್ಟರ ಏರ್‌ಪೋರ್ಟೇ ಅಲ್ಲ, ಅದು ನೌಕಾಪಡೆಯ ವಿಮಾನ ನೆಲೆ, ನಮ್ಮ ಟರ್ಮಿನಲ್ಲು ಅದರ ಒಂದು ಮೂಲೆಗೆ ಬರೋದು ಅನ್ನೋದು ಈ ಎರಡೂ ಮಾತಲ್ಲಿ ಬಿಟ್ಟುಹೋಗ್ತದೆ. ಇದೊಂದು ಗೊತ್ತಾದ್ರೆ ಉಳಿದ ಗೋಜಲು ಅರ್ಧ ಬಿಡಿಸ್ಕೊಳ್ತದೆ.

ಕಥೆ ಶುರುವಾಗೋದು ಸೀಬರ್ಡ್‌ನಿಂದ, ಅಂದ್ರೆ ಕಾರವಾರದ ನೌಕಾನೆಲೆ ಯೋಜನೆಯಿಂದ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದ್ರು, ಆಮೇಲೆ ದುಡ್ಡಿಲ್ಲ ಅಂತ ವರ್ಷಗಟ್ಟಲೆ ಕೆಲಸ ಎಳೀತು, ಕೊನೆಗೆ 2005ರ ಮೇ ತಿಂಗಳಲ್ಲಿ ಆ ನೌಕಾನೆಲೆ, ಐಎನ್‌ಎಸ್ ಕದಂಬ, ಶುರುವಾಯ್ತು. ಎರಡನೇ ಹಂತದಲ್ಲಿ ಜೆಟ್ಟಿ, ಡಾಕ್‌ಯಾರ್ಡ್, ಕ್ವಾರ್ಟರ್ಸ್ ಜೊತೆಗೆ ಒಂದು ವಿಮಾನ ನೆಲೆಯೂ ಸೇರ್ತು. ಇದನ್ನ ನೋಡಿ ರಾಜ್ಯದ ಕಡೆಯಿಂದ, ಹೇಗೂ ರನ್‌ವೇ ಮಾಡ್ತೀರಿ, ಸ್ವಲ್ಪ ಉದ್ದ ಮಾಡಿ, ಏರ್‌ಬಸ್ ಇಳಿಯೋ ಹಾಗಾಗ್ಲಿ, ಟರ್ಮಿನಲ್ ಜಾಗ ನಾವು ಕೊಡ್ತೇವೆ ಅಂತ ಕೇಳಿದ್ರು. ಐಡಿಯಾ ಕೆಟ್ಟದ್ದೇನಲ್ಲ. ಆದ್ರೆ ರನ್‌ವೇ ಉದ್ದ ಆದಷ್ಟೂ ಜಾಗ ಜಾಸ್ತಿ ಬೇಕು, ಆ ಜಾಗ ಅಲಗೇರಿ, ಭಾವಿಕೇರಿ, ಬೇಲೇಕೇರಿ ಕಡೆಯಿಂದಲೇ ಹೋಗಬೇಕು.

ಈ ಜಿಲ್ಲೆಯಲ್ಲಿ ಜಾಗ ಅನ್ನೋದು ಸುಲಭದ ಮಾತಲ್ಲ. ಸುಮಾರು ಶೇ. 80 ಅರಣ್ಯ. ಕಾರವಾರದ ಹತ್ರವಂತೂ ಗುಡ್ಡ ಸೀದಾ ಸಮುದ್ರಕ್ಕೆ ಬಂದು ಇಳೀತದೆ. ನಡುವೆ ಉಳಿದ ಸಪಾಟಾದ ಪಟ್ಟಿಯಲ್ಲೇ ಗದ್ದೆ, ತೋಟ, ಊರು, ದೇವಸ್ಥಾನ, ಹೈವೇ, ರೈಲು ಎಲ್ಲಾ. ಕಾಳಿ ನದಿಯ ಡ್ಯಾಮುಗಳು, ಕೈಗಾ ಅಣು ವಿದ್ಯುತ್ ಸ್ಥಾವರ, ಸೀಬರ್ಡ್, 1998ರಲ್ಲಿ ಪೂರ್ತಿ ಓಡೋಕೆ ಶುರುವಾದ ಕೊಂಕಣ ರೈಲ್ವೆ, ಆಮೇಲೆ ಹೈವೇ ಚತುಷ್ಪಥ, ಹೀಗೆ ಒಂದಾದ ಮೇಲೊಂದು ಬಂದು ಪ್ರತಿಯೊಂದಕ್ಕೂ ಸರ್ವೆ, ನೋಟಿಸು, ಪರಿಹಾರ ಆಯ್ತು. ಹಾಗಾಗಿ ಅಂಕೋಲಾ ಕಡೆಯವ್ರು ಏರ್‌ಪೋರ್ಟ್ ಅಂದ ಕೂಡ್ಲೇ ವಿಮಾನದ ಬಗ್ಗೆ ಕೇಳೋದಿಲ್ಲ, ಗುಂಟೆಗೆ ಎಷ್ಟು ಅಂತ ಕೇಳ್ತಾರೆ. ಇದನ್ನ ದುರಾಸೆ ಅನ್ನೋರು ಒಂದ್ಸಲ ಸೀಬರ್ಡ್ ಲೆಕ್ಕ ನೋಡ್ಬೇಕು.

ಸೀಬರ್ಡ್‌ಗೆ ಕಾರವಾರ, ಅಂಕೋಲಾ ನಡುವಿನ 13 ಹಳ್ಳಿಯ 4,000ಕ್ಕೂ ಹೆಚ್ಚು ಕುಟುಂಬ ಎದ್ದು ಹೋದ್ವು. ಅರಗಾ, ಬಿಣಗಾ ಕಡೆ ಬಲೆ ಹಾಕ್ತಿದ್ದೋರಿಗೆ ಕಡಲೇ ಬೇಲಿಯ ಒಳಗೆ ಹೋಯ್ತು. ತೋಡೂರಿನಂಥ ಕಡೆ ಪುನರ್ವಸತಿ ಕಾಲನಿ ಮಾಡಿ ಸೈಟ್ ಕೊಟ್ರು, ಅಡ್ಡಿಲ್ಲ, ಮನೆ ಕಟ್ಟೋಕೆ ಆಯ್ತು, ಆದ್ರೆ ಗದ್ದೆ ಮಾಡ್ತಿದ್ದವನಿಗೆ ಗದ್ದೆ ಇಲ್ಲ, ದೋಣಿ ಇದ್ದವನಿಗೆ ದಂಡೆ ದೂರ. ಪರಿಹಾರ ಕಮ್ಮಿ ಆಯ್ತು ಅಂತ ಕೋರ್ಟಿಗೆ ಹೋದ್ರು, ಕೋರ್ಟು ಹೆಚ್ಚು ಮಾಡ್ತು, ಅದರ ಮೇಲೆ ಅಪೀಲು, ಅಪೀಲಿನ ಮೇಲೆ ಅಪೀಲು. ಜಮೀನು ಕೊಟ್ಟವರಲ್ಲಿ ಎಷ್ಟೋ ಜನ ಕೈಗೆ ದುಡ್ಡು ಬರೋಕೆ ಮುಂಚೆ ಹೋಗಿಬಿಟ್ರು, ಚೆಕ್ ತಗೊಂಡಿದ್ದು ಮಕ್ಕಳು, ಕೆಲವು ಕಡೆ ಮೊಮ್ಮಕ್ಕಳು. ಯಾವ ಆಫೀಸಿಗೆ ಹೋದ್ರೂ ಇದು ನಮ್ಮ ಕೈಲಿಲ್ಲ ಅನ್ನೋ ಉತ್ತರ, ಹೆಚ್ಚಾಗಿ ಅದು ನಿಜವೂ ಹೌದು.

ಈಗ 2013ರ ಭೂಸ್ವಾಧೀನ ಕಾಯ್ದೆ ಇದೆಯಲ್ಲ, ಮೊದಲಿನ ಹಾಗಲ್ಲ ಅಂತಾರೆ. ಹೌದು, ಕಾಗದದ ಮೇಲೆ ಬಹಳ ಒಳ್ಳೇದಿದೆ. ಮಾರ್ಕೆಟ್ ದರ, ಹಳ್ಳಿ ಆದ್ರೆ ಅದಕ್ಕೊಂದು ಗುಣಕ, ಅದರ ಮೇಲೆ ಮತ್ತೆ ಶೇ. 100 ಸೊಲೇಶಿಯಂ, ಅಂದ್ರೆ ಅಷ್ಟೇ ಮೊತ್ತದ ಹೆಚ್ಚುವರಿ ಪರಿಹಾರ. ಸಮಸ್ಯೆ ಇರೋದು ಆ ಮಾರ್ಕೆಟ್ ದರದಲ್ಲಿ. ಅದನ್ನ ಮುಖ್ಯವಾಗಿ ಹತ್ತಿರದಲ್ಲಿ ಹಿಂದಿನ 3 ವರ್ಷ ರಿಜಿಸ್ಟರ್ ಆದ ಖರೀದಿ ಪತ್ರ ನೋಡಿ ತೆಗೀತಾರೆ. ಎಲ್ಲಾ ಕಡೆ ನಡೆಯೋದು ನಿಮಗೂ ಗೊತ್ತು, ವ್ಯವಹಾರ ಒಂದು ರೇಟಿಗೆ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಬರೆಸೋದು ಗೈಡೆನ್ಸ್ ವ್ಯಾಲ್ಯೂಗೆ. ಸ್ಟ್ಯಾಂಪ್ ಡ್ಯೂಟಿ ಉಳೀತು ಅಂತ ಅವತ್ತು ಖುಷಿ, ಇವತ್ತು ಸರ್ಕಾರ ಅದೇ ಪತ್ರ ತೋರ್ಸಿ ನಿಮ್ಮೂರ ರೇಟು ಇಷ್ಟೇ ಅಂತದೆ.

ಇನ್ನು ಪಹಣಿ. ಕರಾವಳಿಯಲ್ಲಿ ಒಂದು ಸರ್ವೆ ನಂಬರ್ ತೆಗೆದು ನೋಡಿ. 1974ರ ಭೂಸುಧಾರಣೆ ನಂತರ ಡಿಕ್ಲರೇಶನ್ (ಅರ್ಜಿ) ಹಾಕಿ ಗೇಣಿ ಜಮೀನು ಆಗಿದ್ದು ಅಜ್ಜನ ಹೆಸರಿಗೆ, ಅಜ್ಜ ತೀರ್ಕೊಂಡು ಎಷ್ಟೋ ವರ್ಷ ಆದ್ರೂ ಪಹಣಿಯಲ್ಲಿ ಹೆಸರು ಹಾಗೇ ಇದೆ, ಅಥವಾ ವಾರಸಾ ಆಗಿ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಹೆಸರೂ ಸಾಲಾಗಿ ಬಂದಿದೆ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಆಗಿಲ್ಲ, ಒಬ್ಬ ಮುಂಬೈಲಿ, ಒಬ್ಬಳು ಗೋವಾದಲ್ಲಿ, ಮನೆ ಕಟ್ಕೊಂಡು ಕೂತವನ ಅನುಭವಕ್ಕೆ ಇರೋದು ನಾಲ್ಕು ಗುಂಟೆ. ಪಾಲಿನ ತಂಟೆ ಇದ್ರೆ ಪರಿಹಾರ ಅವನ ಖಾತೆಗೆ ಬರೋದಿಲ್ಲ, ಭೂಸ್ವಾಧೀನದ ತಂಟೆ ತೀರ್ಮಾನ ಮಾಡೋ ಪ್ರಾಧಿಕಾರದಲ್ಲಿ ಡಿಪಾಸಿಟ್ ಆಗ್ತದೆ. ಅವನು ಮನೆ ಬಿಡ್ಬೇಕು, ದುಡ್ಡು ಮಾತ್ರ ಎಲ್ಲರ ಸಹಿ ಆದ್ಮೇಲೆ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಮನೆ ಇದ್ರೆ ಅವನ ಕಥೆ ಇನ್ನೂ ಬೇರೆ, ಪಹಣಿಯೇ ಇಲ್ಲ. ತೋಟದ ಲೆಕ್ಕವೂ ಹೀಗೇ. ಅಂಕೋಲಾದ ಕರಿ ಇಶಾಡ ಮಾವಿಗೆ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆ ಅನ್ನೋ ಮಾನ್ಯತೆ) ಸಿಕ್ಕಿದ್ದು 2023ರಲ್ಲಿ, ಹಳೇ ಇಶಾಡ ಮರ ಇದ್ದವನಿಗೆ ಅದು ವರ್ಷಾ ವರ್ಷ ಬರೋ ಹುಟ್ಟುವಳಿ, ಸರ್ವೆ ಪಟ್ಟಿಯಲ್ಲಿ ಮಾತ್ರ ಅದೂ ಒಂದು ಮಾವಿನ ಮರ.

ಈಗ ಟೂರಿಸಂ ಕಡೆ ಬರೋಣ. ಗೋಕರ್ಣ, ಮುರ್ಡೇಶ್ವರ, ಯಾಣ, ದಾಂಡೇಲಿ, ಮಾಗೋಡು, ಸಾತೊಡ್ಡಿ, ಇಷ್ಟೆಲ್ಲ ಇರೋ ಜಿಲ್ಲೆಗೆ ಒಂದು ಏರ್‌ಪೋರ್ಟ್ ಬೇಡ್ವಾ ಅಂತ ಕೇಳ್ತಾರೆ. ಬೇಕು. ಆದ್ರೆ ಈ ಜಾಗಗಳೆಲ್ಲ ಘಟ್ಟದ ಮೇಲೆ ಕೆಳಗೆ ಚದುರಿ ಬಿದ್ದಿವೆ. ಅಲಗೇರಿಯಲ್ಲಿ ಇಳಿದವನಿಗೆ ಗೋಕರ್ಣ ಹತ್ರ, ದಾಂಡೇಲಿಗೆ ಹೋಗೋನಿಗೆ ಹುಬ್ಬಳ್ಳಿಯೇ ವಾಸಿ. ಶಿರಸಿಯವರು ಹುಬ್ಬಳ್ಳಿಗೆ ಹೋಗ್ತಾರೆ, ಸುಮಾರು 100 ಕಿ.ಮೀ., ಘಾಟ್ ಇಲ್ಲ. ಅದೇ ಅಂಕೋಲಾಕ್ಕೆ ಇಳೀಬೇಕು ಅಂದ್ರೆ ಮಳೆಗಾಲದಲ್ಲಿ ಯಾವ ಘಾಟ್ ಬಂದ್, ಯಾವುದು ಓಪನ್ ಅಂತ ಮೊದಲು ಫೋನ್ ಮಾಡಿ ಕೇಳ್ಬೇಕು. ವರ್ಷಕ್ಕೆ 3,000 ಮಿ.ಮೀ.ಗೂ ಮೇಲೆ ಮಳೆ ಬೀಳೋ ಪಟ್ಟಿ ಇದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ದಿನಗಟ್ಟಲೆ ಬಂದಾಯ್ತು, ಮುಂದಿನ ತಿಂಗಳೇ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ರನ್‌ವೇ ಎಷ್ಟೇ ಚೆನ್ನಾಗಿರ್ಲಿ, ಅಲ್ಲಿಂದ ಮುಂದೆ ಹೋಗೋದು ಇದೇ ರಸ್ತೆಯಲ್ಲಿ.

ಹೀಗೆ ಸೇನೆಯ ವಿಮಾನ ನೆಲೆಯೊಳಗೆ ಪ್ಯಾಸೆಂಜರ್ ಟರ್ಮಿನಲ್ ಇಡೋದಕ್ಕೆ ಸಿವಿಲ್ ಎನ್‌ಕ್ಲೇವ್ ಅಂತಾರೆ. ಅದು ಹೇಗಿರ್ತದೆ ಅಂತ ತಿಳ್ಕೊಳ್ಳೋಕೆ ದೂರ ಹೋಗೋದು ಬೇಡ, ಪಕ್ಕದ ಗೋವಾದ ದಾಬೋಲಿಂ ಏರ್‌ಪೋರ್ಟ್ ಇದೆ. ಪೋರ್ಚುಗೀಸರು ಕಟ್ಟಿದ್ದು, ಗೋವಾ ವಿಮೋಚನೆ ಆದ್ಮೇಲೆ ನೌಕಾಪಡೆ ಕೈಗೆ ಬಂತು. ಬೇರೆಯವರ ಮನೆ ಜಗಲಿಯಲ್ಲಿ ಅಂಗಡಿ ಇಟ್ಟ ಹಾಗೆ ಅದು, ವ್ಯಾಪಾರ ಚೆನ್ನಾಗೇ ಆಗ್ತದೆ, ಬಾಗಿಲು ತೆಗೆಯೋ ಹೊತ್ತು ಮನೆಯವರದ್ದು. ವರ್ಷಗಟ್ಟಲೆ ಅಲ್ಲಿ ಸೋಮವಾರದಿಂದ ಶುಕ್ರವಾರದ ತನಕ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 1ರ ವರೆಗೆ ನೌಕಾಪಡೆ ಹಾರಾಟದ ಟೈಮು, ಆಗ ಪ್ಯಾಸೆಂಜರ್ ವಿಮಾನಕ್ಕೆ ಜಾಗ ಕಷ್ಟ. ಗೋವಾದವರು ಕಡೆಗೆ ಮೋಪಾದಲ್ಲಿ ಬೇರೆ ಏರ್‌ಪೋರ್ಟೇ ಕಟ್ಕೊಂಡ್ರು, 2023ರ ಜನವರಿಯಲ್ಲಿ ಅಲ್ಲಿಂದ ವಿಮಾನ ಶುರುವಾಯ್ತು. ಅದಾದ್ಮೇಲೆ ಕೆಲವು ಕಂಪನಿಗಳು ಅತ್ಲಾಗೆ ಹೋದ್ವು, ಕಾರವಾರದವರಿಗೆ ಆ ವಿಮಾನ ಇನ್ನಷ್ಟು ದೂರ ಆಯ್ತು. ಅಲಗೇರಿಗೆ ಈಗ ಹೊಸ ಜೀವ ಬಂದಿದ್ದಕ್ಕೆ ಇದೂ ಒಂದು ಕಾರಣ ಅನ್ಸ್ತದೆ.

ಶಿವಮೊಗ್ಗ ನೋಡಿ ಅಂತ ಉದಾಹರಣೆ ಕೊಡೋರಿದ್ದಾರೆ. ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ, ಆಗಸ್ಟ್ ಕೊನೆಗೆ ಬೆಂಗಳೂರಿಂದ ಮೊದಲ ವಿಮಾನ. ಆದ್ರೆ ಅದು ರಾಜ್ಯ ತಾನೇ ಕಟ್ಟಿದ್ದು, ಯಾವಾಗ ಹಾರ್ಬೇಕು ಅಂತ ನೌಕಾಪಡೆಯನ್ನ ಕೇಳೋ ಪ್ರಸಂಗ ಇಲ್ಲ.

ಇನ್ನೊಂದು ಮಾತು ಇಲ್ಲಿ ಬರಲೇಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲೂ 2022ರಲ್ಲೂ ಸೋಷಿಯಲ್ ಮೀಡಿಯಾದಲ್ಲಿ ದೊಡ್ಡ ಕೂಗೆದ್ದಿತ್ತು. ಹೊನ್ನಾವರ, ಕುಮಟಾದ ಪೇಷಂಟು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಓಡೋದು ನಿಂತಿಲ್ಲ. ಏರ್‌ಪೋರ್ಟ್ ಬಂದ್ರೆ ಡಾಕ್ಟರೂ ಬರ್ತಾರೆ ಅನ್ನೋ ವಾದ ಇದೆ, ಇರ್ಲಿ, ಆದ್ರೆ ಹಾರ್ಟ್ ಅಟ್ಯಾಕ್ ಆದವನು ಟಿಕೆಟ್ ಬುಕ್ ಮಾಡೋದಿಲ್ಲ.

ಹಾಗಂತ ಏರ್‌ಪೋರ್ಟ್ ಬೇಡ ಅನ್ನೋ ಜನ ನಮ್ ಕಡೆ ತೀರಾ ಕಮ್ಮಿ. ದುಬೈ, ಮುಂಬೈಲಿ ಕೆಲಸ ಮಾಡೋರ ಮನೆಗಳು ಊರೂರಲ್ಲಿ ಇವೆ, ಹಬ್ಬಕ್ಕೆ ಬರೋಕೆ ಅವರು ಪಡೋ ಪಾಡು ಎಲ್ಲರಿಗೂ ಗೊತ್ತು. ಅಲಗೇರಿಯವರು ಕೇಳ್ತಿರೋದೂ ಯೋಜನೆ ನಿಲ್ಲಿಸಿ ಅಂತಲ್ಲ, ಸೀಬರ್ಡಿನ ಹಾಗೆ ಮೊದಲು ಎಬ್ಬಿಸಿ ಆಮೇಲೆ ಲೆಕ್ಕ ಮಾಡ್ಬೇಡಿ, ಜಾಗ, ದುಡ್ಡು, ಮನೆಗೊಂದು ಕೆಲಸ ಬರವಣಿಗೆಯಲ್ಲಿ ಕೊಡಿ ಅಂತ. ಉಳಿದವರು ಕೇಳ್ಬೇಕಾಗಿದ್ದು ಟೈಮಿನ ಬಗ್ಗೆ. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಕೆಲಸ ಮುಗಿಸ್ಕೊಂಡು ಸಂಜೆ ವಾಪಸ್ ಬರೋ ಹಾಗೆ ವಿಮಾನ ಇರ್ತದಾ, ಅಥವಾ ದಾಬೋಲಿಂ ತರ ನೌಕಾಪಡೆ ಬಿಟ್ಟ ಹೊತ್ತಲ್ಲಿ ಮಾತ್ರವಾ? ಇದು ನೌಕಾಪಡೆ ಜೊತೆಗಿನ ಒಪ್ಪಂದದಲ್ಲಿ ಈಗಲೇ ಬರೆಸ್ಕೋಬೇಕಾದ ವಿಷ್ಯ, ಟರ್ಮಿನಲ್ ಕಟ್ಟಿದ ಮೇಲೆ ಕೇಳಿದ್ರೆ ದಾಬೋಲಿಂನವರಿಗೆ ಸಿಕ್ಕಿದ ಉತ್ತರವೇ ನಮಗೂ.