ಬೋರ್‌ವೆಲ್ ಸ್ಟಾರ್ಟರ್‌ಗೆ ಎಷ್ಟು ದೊಡ್ಡ ಚಿಪ್ ಬೇಕು?

ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ಚಿತ್ರದುರ್ಗದ ನಮ್ಮ ವರ್ಕ್‌ಶಾಪಿಗೆ ಕೆಟ್ಟ ಸ್ಟಾರ್ಟರ್ ಬೋರ್ಡ್ ತಂದಿದ್ದರು. ಅದರಲ್ಲಿದ್ದ ಚಿಪ್ ತೋರಿಸಿದೆ. "ಇಷ್ಟು ಸಣ್ಣದು ನಮ್ಮ 10 ಎಚ್‌ಪಿ ಮೋಟಾರನ್ನ ಕಾಯುತ್ತಾ ಸಾರ್?" ಅಂದರು. ಕಾಯುತ್ತದೆ. ಹೇಗೆ ಅಂತ ಹೇಳುತ್ತೇನೆ.

ನಾವು ಬಳಸುವುದು ಚೀನಾದ ಡಬ್ಲ್ಯುಸಿಎಚ್ ಕಂಪನಿಯ ಸಿಎಚ್‌32ವಿ003. ಸಗಟಿನಲ್ಲಿ ಕೊಂಡರೆ ಒಂದಕ್ಕೆ ಕೆಲವೇ ರೂಪಾಯಿ. ಒಳಗಿರುವುದು ರಿಸ್ಕ್-ಫೈವ್ ಪ್ರೊಸೆಸರ್. ಈ ವಿನ್ಯಾಸ ಶುರುವಾದದ್ದು 2010ರಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ. ಯಾರು ಬೇಕಾದರೂ ಲೈಸೆನ್ಸ್ ಶುಲ್ಕವಿಲ್ಲದೆ ಬಳಸಬಹುದು. ನಮ್ಮ ಮದ್ರಾಸ್ ಐಐಟಿಯ 'ಶಕ್ತಿ' ಪ್ರೊಸೆಸರ್‌ಗಳೂ ಇದೇ ಜಾತಿಯವು.

ವೇಗ 48 ಮೆಗಾಹರ್ಟ್ಸ್, ಪ್ರೋಗ್ರಾಂ ಇಡುವ ಫ್ಲ್ಯಾಶ್ ಮೆಮೊರಿ 16 ಕೆಬಿ, ಓಡುವಾಗಿನ ಲೆಕ್ಕಕ್ಕೆ ರ್‍ಯಾಮ್ ಬರೀ 2 ಕೆಬಿ. ಕಡಿಮೆ ಆಯ್ತು ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮೂರು ಫೇಸಿಗೂ ಒಂದೊಂದು ಸಿಟಿ (ಕರೆಂಟ್ ಅಳೆಯುವ ಸಣ್ಣ ಟ್ರಾನ್ಸ್‌ಫಾರ್ಮರ್) ಹಾಕಿ, ಸುತ್ತಿಗೆ 64 ಸಲ ಅಳೆದರೂ ಸೆಕೆಂಡಿಗೆ 9,600 ಅಳತೆ. ಒಂದೊಂದು ಅಳತೆಗೂ 5,000 ಕ್ಲಾಕ್ (ಪ್ರೊಸೆಸರಿನ ತಾಳದ ಒಂದೊಂದು ಹೆಜ್ಜೆ) ಸಿಗುತ್ತದೆ. ಇದರಲ್ಲಿ ಗುಣಾಕಾರದ ಇನ್‌ಸ್ಟ್ರಕ್ಷನ್ ಇಲ್ಲ, ಸಾಫ್ಟ್‌ವೇರಿನಲ್ಲೇ ಗುಣಿಸಬೇಕು. ಆದರೂ ಸಮಯ ಮಿಗುತ್ತದೆ. ಒಂದು ಸುತ್ತಿನ ಅಳತೆಗಳನ್ನೆಲ್ಲ ಇಡಲು, ಒಂದಕ್ಕೆ 2 ಬೈಟಿನಂತೆ, 384 ಬೈಟ್ ಸಾಕು.

ನನ್ನ ಪ್ರಕಾರ ಅಸಲಿ ಲಾಭ ಇರುವುದು ಪ್ರೊಸೆಸರ್ ಸುತ್ತ ಅದೇ ಚಿಪ್ಪಿನೊಳಗೆ ಕೂತ ಭಾಗಗಳಲ್ಲಿ. ಟೈಮರ್ ಹೇಳಿದ ಹೊತ್ತಿಗೆ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಅಳೆಯುತ್ತದೆ. ಡಿಎಂಎ ಆ ಅಂಕಿಯನ್ನು ಪ್ರೊಸೆಸರ್‌ಗೆ ತೊಂದರೆ ಕೊಡದೆ ರ್‍ಯಾಮಿಗೆ ಹಾಕುತ್ತದೆ. ಒಂದು ಫೇಸ್ ಹೋದರೆ, ಬೋರಿನಲ್ಲಿ ನೀರು ಬತ್ತಿ ಆಂಪ್ಸ್ ಇಳಿದರೆ ಪ್ರೋಗ್ರಾಂ ರಿಲೇ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ. ಮೊಬೈಲಿನಿಂದ ಮೋಟಾರ್ ಹಾಕಬೇಕಾದರೆ ಚಿಪ್ಪಿನ ಸೀರಿಯಲ್ ಪೋರ್ಟ್ ಆದ ಯುಆರ್ಟ್‌ಗೆ ಜಿಎಸ್‌ಎಂ ಮಾಡ್ಯೂಲ್ ಸೇರಿಸಿದರಾಯ್ತು. ತಾಳ ಕೊಡಲು ಹೊರಗೆ ಕ್ರಿಸ್ಟಲ್ ಕೂಡ ಬೇಡ, ಒಳಗೇ 24 ಮೆಗಾಹರ್ಟ್ಸ್ ಆಸಿಲೇಟರ್ ಇದೆ, ಅದನ್ನೇ ಎರಡರಷ್ಟು ಮಾಡಿ 48 ಆಗುತ್ತದೆ. ಬೆಸುಗೆ ಕಡಿಮೆಯಾದಷ್ಟೂ ಕೆಡುವ ಜಾಗಗಳು ಕಡಿಮೆ. ನೇರ 5 ವೋಲ್ಟಿನಲ್ಲಿ ಓಡುವುದು ನನಗೆ ತುಂಬಾ ಇಷ್ಟ. 3.3 ವೋಲ್ಟಿನ ಚಿಪ್‌ಗಿಂತ ನಾಯ್ಸ್ (ತಂತಿಯಲ್ಲಿ ನುಗ್ಗುವ ಬೇಡದ ಸಿಗ್ನಲ್) ತಡೆಯಲು ಜಾಸ್ತಿ ಅವಕಾಶ ಸಿಗುತ್ತದೆ.

ರಿಲೇ ಹೇಳಿದಂತೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚೇ ಕಾಂಟ್ಯಾಕ್ಟರ್. ಅದರ ಕಾಯಿಲ್ ಬಿಟ್ಟಾಗ ಹೊಮ್ಮುವ ವೋಲ್ಟೇಜ್ ಸ್ಪೈಕಿಗೆ ಎಂಥ ಚಿಪ್ಪೂ ಹ್ಯಾಂಗ್ ಆಗಬಹುದು. ಅದಕ್ಕೇ ವಾಚ್‌ಡಾಗ್ ಇರುವುದು. ಹೇಳಿದ ಸಮಯದೊಳಗೆ ಪ್ರೋಗ್ರಾಂ ಅದನ್ನು ತಟ್ಟದಿದ್ದರೆ ಚಿಪ್ ರೀಸೆಟ್ ಆಗುತ್ತದೆ. ನಾನು ಮೊದಮೊದಲು ಇಲ್ಲೇ ತಪ್ಪಿದ್ದೆ. ಟೈಮರ್ ಇಂಟರಪ್ಟ್ (ಟೈಮರ್ ಕರೆದಾಗಲೆಲ್ಲ ನಡುವೆ ಓಡುವ ಪುಟ್ಟ ಕೋಡ್) ಒಳಗೆ ವಾಚ್‌ಡಾಗ್ ತಟ್ಟುತ್ತಿದ್ದೆ. ಮೇನ್ ಲೂಪ್, ಅಂದರೆ ಪ್ರೋಗ್ರಾಮಿನ ಮುಖ್ಯ ಸುತ್ತು, ನಿಂತುಹೋಯಿತು, ಇಂಟರಪ್ಟ್ ಮಾತ್ರ ಓಡುತ್ತಲೇ ಇತ್ತು. ರಿಲೇ ಬಿಡಲೇ ಇಲ್ಲ, ಒಬ್ಬರ ಮೋಟಾರ್ ವೈಂಡಿಂಗ್ ಸುಟ್ಟಿತು. ಆ ಮನೆಯವರ ಮುಖ ಇನ್ನೂ ನೆನಪಿದೆ. ಈಗ ಮೇನ್ ಲೂಪಿನಲ್ಲಿ, ಮೂರೂ ಫೇಸ್ ನೋಡಿ ಮುಗಿಸಿದ ಮೇಲೇ ತಟ್ಟುತ್ತೇವೆ.

ಕೊರತೆಯೂ ಇದೆ. ಸೆಟ್ಟಿಂಗ್ ಉಳಿಸಿಡಲು ಪ್ರತ್ಯೇಕ ಮೆಮೊರಿ (ಇಇಪ್ರಾಮ್) ಇಲ್ಲ. ಆಂಪ್ಸ್ ಸೆಟ್ಟಿಂಗನ್ನು ಫ್ಲ್ಯಾಶಿನಲ್ಲೇ ಬರೆಯಬೇಕು. ಫ್ಲ್ಯಾಶಿಗೆ ಬರೆಯುವುದಕ್ಕೆ ಮಿತಿ ಇದೆ. ಆದ್ದರಿಂದ ರೈತರು ಸೆಟ್ಟಿಂಗ್ ಬದಲಿಸಿದಾಗ ಮಾತ್ರ ಬರೆಯಿರಿ. ಮೋಟಾರ್ ಓಡಿದ ಗಂಟೆಗಳನ್ನು ನಿಮಿಷಕ್ಕೊಮ್ಮೆ ಅಲ್ಲಿ ಬರೆಯಲು ಹೋಗಬೇಡಿ.

ಹೊಳಲ್ಕೆರೆಯವರ ಬೋರ್ಡಿನಲ್ಲಿ ಚಿಪ್ ಚೆನ್ನಾಗಿಯೇ ಇತ್ತು. ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು. ಹೊಸ ರಿಲೇ ಹಾಕಿ, ಕಾಂಟ್ಯಾಕ್ಟರ್ ಕಾಯಿಲ್‌ಗೆ ಅಡ್ಡಲಾಗಿ ಒಂದು ಸ್ನಬ್ಬರ್ (ಸ್ಪೈಕ್ ತಗ್ಗಿಸುವ ಭಾಗ) ಸೇರಿಸಿ ಕಳಿಸಿದೆ.